ಹೊಗೆಗೂಡಿನಲ್ಲಿ ಎಡಗಾಲಿನ ಬೂಟು

ಆಲ್ಡರ್‌ಕೋಟ್ ಹಾಲ್, ಅಂದರೆ ಇನ್ನೂ ಬೀಳದೆ ಉಳಿದಷ್ಟು,
ನಾರ್ಥಾಂಪ್ಟನ್‌ಶೈರ್.
೧೪ ಅಕ್ಟೋಬರ್ ೧೯೫೪, ಗುರುವಾರ

ಪ್ರೀತಿಯ ರೋಲಂಡ್,

ಮೊದಲು ನಿನ್ನ ಜ್ವರದ ಸುದ್ದಿ. ಮಲೇರಿಯಾ ಮತ್ತೆ ಹಿಡಿದು ಎರಡು ವಾರ ಹಾಸಿಗೆ ಬಿಟ್ಟು ಏಳಲಿಲ್ಲವೆಂದು ನಿನ್ನ ಡ್ಯಾಫ್ನಿ ಬರೆದಿದ್ದಳು. ಈಗ ಎದ್ದು ಓಡಾಡುತ್ತಿದ್ದೀಯಾ? ಕೊಟ್ಟ ಮಾತ್ರೆ ನುಂಗುತ್ತೀಯೋ, ಇಲ್ಲ ಚಿಕ್ಕಂದಿನಲ್ಲಿ ಮೀನೆಣ್ಣೆಯನ್ನು ಹೂಕುಂಡಕ್ಕೆ ಉಗುಳಿ ಬಾಯಿ ಒರೆಸಿಕೊಂಡು ನಗುತ್ತಿದ್ದೆಯಲ್ಲ, ಅಲ್ಲೂ ಅದೇ ನಾಟಕವೋ? ಆ ಕುಂಡದ ಗಿಡ ಒಣಗಿದಾಗ ಬೈಸಿಕೊಂಡವಳು ನಾನು. ನಿನಗೆ ನೆನಪಿರಲಿಕ್ಕಿಲ್ಲ, ಇರಲಿ ಬಿಡು. ಪ್ರೂಗೆ ಮುಂದಿನ ಹಲ್ಲು ಬಂತೇ? ಅವಳು ಕಳಿಸಿದ್ದ ಜಿರಾಫೆಯ ಚಿತ್ರವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. ಆ ಗೋಡೆ ಮೊನ್ನೆ ಬಿತ್ತು. ಚಿತ್ರವನ್ನು ನಿನ್ನ ಅತ್ತೆ ಮೊದಲೇ ತೆಗೆದಿಟ್ಟಿದ್ದಾಳೆ, ಹೆದರಬೇಡ ಎಂದು ಅವಳಿಗೆ ಹೇಳು. ಹ್ಯೂ ಓಡಲು ಕಲಿತ ಮೇಲೆ ಆಯಾಳ ಕೈಗೇ ಸಿಗುವುದಿಲ್ಲವಂತೆ. ನಿನ್ನ ಮಗನಲ್ಲವೇ! ನನ್ನ ಆರೋಗ್ಯದ ಬಗ್ಗೆಯೂ ಒಂದು ಸಾಲು ಕೇಳಿದ್ದೀಯ, ಸಂತೋಷ. ಅಕ್ಟೋಬರಿನ ತೇವಕ್ಕೆ ಸೊಂಟ ಹಿಡಿದುಕೊಂಡಿದೆ, ಎಡಗಾಲು ಎಂದಿನಂತೆ ಗಿಡ್ಡ. ಉಳಿದಂತೆ ಗಟ್ಟಿಯಾಗಿದ್ದೇನೆ, ಈ ಮನೆಗಿಂತ ಗಟ್ಟಿಯಾಗಿ.

ನಿನ್ನ ಪತ್ರದಲ್ಲಿ ಮೂರು ಸಾಮಾನು ಕಳಿಸಲು ಕೇಳಿದ್ದೀಯ. ಒಂದು, ದೊಡ್ಡ ಹಜಾರದ ಅಗ್ಗಿಷ್ಟಿಕೆಯ ಕಲ್ಲಿನ ಚೌಕಟ್ಟು, ಮಾರ್ಲಿಂಗ್ ಮನೆತನದ ಲಾಂಛನ ಕೆತ್ತಿರುವುದು. ಕೀನ್ಯಾದ ಗುಡ್ಡದ ಮೇಲೆ ನೀನು ಕಟ್ಟಿಸುತ್ತಿರುವ ಹೊಸ ಮನೆಗೆ ಅದು ಬೇಕು. ಇನ್ನೊಂದು, ಅದೇ ಅಗ್ಗಿಷ್ಟಿಕೆಯ ಹೊಗೆಗೂಡಿನಲ್ಲಿ ಹುದುಗಿಸಿಟ್ಟಿರುವ ನಿನ್ನ ಪುಟ್ಟ ಬೂಟು. ಅಲ್ಲಿನ ಹೊಗೆಗೂಡಿಗೂ ಅದೇ ಬೇಕು. ಮೂರನೆಯದು ನಾನು. "ಹೇಗೂ ನಿನಗಿನ್ನು ಮನೆ ಇಲ್ಲವಾಗುತ್ತದೆ, ಇಲ್ಲಿಗೇ ಬಂದುಬಿಡು, ಮಕ್ಕಳಿಗೆ ಪಾಠ ಹೇಳಿಕೊಂಡು ಇರಬಹುದು, ಡ್ಯಾಫ್ನಿಗೂ ಆಸರೆ" ಎಂದು ಬರೆದಿದ್ದೀಯ. ಕಲ್ಲಿಗೆ ಹೇಗೆ ಹುಲ್ಲು ಸುತ್ತಬೇಕು, ಯಾವ ಮರದ ಪೆಟ್ಟಿಗೆ ಮಾಡಿಸಬೇಕು ಎಂದು ಒಂದು ಪುಟ, ನನ್ನ ಬಗ್ಗೆ ಎರಡು ಸಾಲು. ಮನೆ ಇಲ್ಲವಾಗುತ್ತದೆಯಂತೆ! ಅದೇನು ತಾನಾಗಿ ಇಲ್ಲವಾಗುತ್ತಿದೆಯೇನೋ, ಮಹಾರಾಯ? ಕೆಡವಿ ಮಾರಿಬಿಡಿ ಎಂದು ತಂತಿ ಕೊಟ್ಟವನು ನೀನು. ನಾನು ಐದು ವರ್ಷ ದೊಡ್ಡವಳು, ಆದರೆ ನಮ್ಮಲ್ಲಿ ಮೊದಲು ಹುಟ್ಟಿದ್ದಕ್ಕೆ ಬೆಲೆಯಿಲ್ಲ, ಗಂಡಾಗಿ ಹುಟ್ಟಿದ್ದಕ್ಕೆ ಬೆಲೆ. ಅಪ್ಪ ಹೋದ ದಿನ ಮನೆ, ತೋಟ, ಕಾಡು, ಕೊನೆಗೆ ನಾನು ಮಲಗುತ್ತಿದ್ದ ಮಂಚವೂ ನಿನ್ನದಾಯಿತು. ಈ ಮೂರು ಸಾಮಾನಿನ ವಿಚಾರ ಬರೆಯುತ್ತೇನೆ, ಸ್ವಲ್ಪ ತಾಳು. ನಿನ್ನ ಪತ್ರದ ಅಂಚಿನಲ್ಲಿ ಡ್ಯಾಫ್ನಿ ಪೆನ್ಸಿಲಿನಲ್ಲಿ ಗೀಚಿದ ಸಾಲಿಗೂ ಬರುತ್ತೇನೆ.

ಕೆಡವುವುದು ಎಲ್ಲಿಗೆ ಬಂದಿದೆ ಎಂದು ಮೊದಲು ಕೇಳು. ಕಟ್ಟಿದ್ದಕ್ಕೆ ತಿರುಗುಮುರುಗಾಗಿ ಬೀಳುತ್ತಿದೆ, ಕೊನೆಗೆ ಎದ್ದದ್ದು ಮೊದಲು ಮಣ್ಣಿಗೆ. ಎಲ್ಲಕ್ಕಿಂತ ಮುಂಚೆ ಹೋದದ್ದು ಬೂಟಿನ ಅಜ್ಜಿಯ ಕಡೆ, ಆ ಗಡಿಯಾರದ ಗೋಪುರ, ಬಣ್ಣದ ಗಾಜು, ಅರವತ್ತು ಜನ ಕೂತು ಉಣ್ಣುವ ಊಟದ ಕೋಣೆ. ಮುತ್ತಜ್ಜ ನಾರ್ಥಾಂಪ್ಟನ್ನಿನ ಬೂಟು ತಯಾರಕನ ಮಗಳನ್ನು ಮದುವೆಯಾದದ್ದು ಆ ಗೋಪುರಕ್ಕಾಗಿ. ಕ್ರೈಮಿಯಾ ಯುದ್ಧಕ್ಕೆ ಹೋದ ಸಿಪಾಯಿಗಳಿಗೆ ಅವಳ ಅಪ್ಪ ಬೂಟು ಹೊಲಿಸಿದ್ದನಂತೆ, ಹಿಮದಲ್ಲಿ ಎರಡು ಮೈಲಿ ನಡೆದರೆ ಅಟ್ಟೆಯ ತೊಗಲು ಬಾಯಿ ಬಿಡುತ್ತಿತ್ತಂತೆ. ಆ ಸಿಪಾಯಿಗಳ ಬೆರಳು ಕೊಳೆತ ದುಡ್ಡಿನಲ್ಲಿ ಎದ್ದ ಗೋಪುರ ಅದು. ಆದರೂ ಮನೆಗೆ ಬಂದವರ ಮುಂದೆ ಬೂಟಿನ ಮಾತು ಎತ್ತಿದರೆ ಅಪ್ಪ ಕೆಮ್ಮುತ್ತಿದ್ದರು. ಆ ಅಜ್ಜಿಯ ಚಿತ್ರವನ್ನು ಹಿಂದಿನ ಮೆಟ್ಟಿಲ ಕತ್ತಲಲ್ಲಿ ತೂಗುಹಾಕಿದ್ದರು, ನೆನಪಿದೆಯಾ? ಅವಳ ಹಣ ಬೇಕು, ಮುಖ ಬೇಡ. ಗೋಪುರ ಒಂದೇ ಮಧ್ಯಾಹ್ನಕ್ಕೆ ಉರುಳಿತು. ಒಳಗೆಲ್ಲ ಬೂಜು ಮರವನ್ನು ತಿಂದು ಹಿಟ್ಟು ಮಾಡಿತ್ತು. ಯುದ್ಧದ ಕಾಲದಲ್ಲಿ ಸೈನ್ಯದವರು ಇಲ್ಲಿದ್ದಾಗ ಮೇಲಿನ ನಲ್ಲಿ ಸೋರಲು ಬಿಟ್ಟರು ಎಂದು ನೀನು ಎಲ್ಲರಿಗೂ ಹೇಳುತ್ತೀಯ. ಸೈನ್ಯದವರು ಹೋದ ಮೇಲೆ ಒಂಬತ್ತು ವರ್ಷ ಅದನ್ನು ದುರಸ್ತಿ ಮಾಡಿಸದೆ ಬಿಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ.

ಆಮೇಲೆ ಮುಂಭಾಗ. ಜಮೈಕಾದ ಕಬ್ಬಿನ ಗದ್ದೆಯ ದುಡ್ಡಿನಲ್ಲಿ ಸಕ್ಕರೆ ತಾತ ಹಾಕಿಸಿದ ಬಿಳಿ ಕಲ್ಲಿನ ಮುಖ. ಎಡಗಡೆ ಎಷ್ಟು ಕಿಟಕಿಯೋ ಬಲಗಡೆಯೂ ಅಷ್ಟೇ ಇರಬೇಕೆಂದು ಹಟ ಹಿಡಿದು, ಹಿಂದೆ ಕೋಣೆಯೇ ಇಲ್ಲದ ಕಡೆ ಗೋಡೆಯ ಮೇಲೆ ಕಿಟಕಿಯ ಬಣ್ಣ ಬಳಿಸಿದ್ದ ಪುಣ್ಯಾತ್ಮ. ಚಿಕ್ಕವರಾಗಿದ್ದಾಗ ನಾವಿಬ್ಬರೂ ಆ ಸುಳ್ಳು ಕಿಟಕಿಗಳಿಗೆ ಕೈ ಬೀಸುತ್ತಿದ್ದೆವು. ಕೆಲಸದವರು ಆ ಬಿಳಿ ಕಲ್ಲು ಕಿತ್ತರೆ ಅದರ ಹಿಂದೆ ಮೊದಲಿನ ಮನೆ ಹಾಗೇ ನಿಂತಿತ್ತು, ನಮ್ಮ ಊರಿನದೇ ಜೇನುಬಣ್ಣದ ಕಲ್ಲು, ಚಿಕ್ಕ ಚಿಕ್ಕ ಕಿಟಕಿ. ಕುರಿ ಉಣ್ಣೆ ಮಾರಿ ಕಟ್ಟಿದ ಮನೆ. ಅದಕ್ಕೆ ನಾಚಿಕೊಂಡು ಮೇಲೆ ಬಿಳಿ ಮುಖ ಹೊದಿಸಿದ್ದರು. ಹೊರಗೆ ಥಳಕು, ಒಳಗೆ ಹುಳುಕು ಎನ್ನುತ್ತಾರಲ್ಲ, ನಮ್ಮಲ್ಲಿ ಅದೂ ತಿರುಗುಮುರುಗು: ಒಳಗಿದ್ದದ್ದೇ ಚಂದ, ಹೊರಗಿನ ಥಳಕೇ ಹುಳುಕು. ಮೇಲಿನ ಉದ್ದ ಮೊಗಸಾಲೆಯ ಓಕ್ ಹಲಗೆಗಳನ್ನು ಯಾವುದೋ ಹೋಟೆಲಿನವರು ಬಿಚ್ಚಿಕೊಂಡು ಹೋದರು. ಮಳೆ ಬಂದ ದಿನ ಆ ಹಲಗೆಗಳ ಮೇಲೆ ನನಗೆ ನಡೆಯುವ ಅಭ್ಯಾಸ ಮಾಡಿಸುತ್ತಿದ್ದರು, ಎತ್ತರದ ಅಟ್ಟೆಯ ಬೂಟು ಹಾಕಿಸಿ ಈ ಕೊನೆಯಿಂದ ಆ ಕೊನೆಗೆ. ಕೆಳಗೆ ಅತಿಥಿಗಳಿದ್ದರೆ ಅಪ್ಪ ಹೇಳಿ ಕಳಿಸುತ್ತಿದ್ದರು: "ಆ ಟಕ್ ಟಕ್ ನಿಲ್ಲಿಸಕ್ಕೆ ಹೇಳಿ, ಮನೇಲಿ ಕುದುರೆ ಕಟ್ಟಿದ್ದೀವಿ ಅಂದ್ಕೋತಾರೆ." ಆಗ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಬೇರೆ ದಾರಿ ಇರಲಿಲ್ಲ.

ಈಗ ಉಳಿದಿರುವುದು ದೊಡ್ಡ ಹಜಾರದ ಗೋಡೆ, ಹೊಗೆಗೂಡಿನ ಬುಡ, ನಾನು ಮಲಗುವ ಗುಮಾಸ್ತರ ಕೋಣೆ. ನಿನ್ನ ಬೂಟಿನ ಮಾತಿಗೆ ಬರುತ್ತೇನೆ. ನಮ್ಮ ಕಡೆ ಬೂಟಿನ ಪದ್ಧತಿ ಯಾರಿಗೂ ಹೊಸದಲ್ಲ. ಗುಡಿಸಲಾಗಲಿ, ಹಾಲ್ ಆಗಲಿ, ಹೊಗೆಗೂಡಿಗೆ ಕೈ ಹಾಕಿದರೆ ಒಂದು ಸವೆದ ಬೂಟನ್ನು ಒಳಗಿಟ್ಟೇ ಮುಚ್ಚಬೇಕು. ಜೋಡಿ ಇಡಬಾರದು, ಒಂಟಿ. ಹೊಸದು ನಡೆಯುವುದಿಲ್ಲ, ತೊಟ್ಟು ತೊಟ್ಟು ಕಾಲಿನ ಆಕಾರ ಬಂದಿರಬೇಕು. ಮನೆಯ ಮಗುವಿನದಾದರೆ ಇನ್ನೂ ಒಳ್ಳೆಯದು. ಇಡುವುದು ಹೆಂಗಸರ ಕೆಲಸ, ಗಂಡಸರು ನೋಡಬಾರದು. ಇಟ್ಟ ಮೇಲೆ ಹೊರಗೆ ತೆಗೆಯಲಂತೂ ಕೂಡದು. ಯಾತಕ್ಕೆ ಎಂದು ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಅದೃಷ್ಟ ಎಂದು ಅಪ್ಪ ಹೇಳುತ್ತಿದ್ದರು, ಅಷ್ಟು ಸಾಕಾಗಿತ್ತು.

ಮೊದಲ ಮಹಾಯುದ್ಧ ಮುಗಿದ ಚಳಿಗಾಲದಲ್ಲಿ ಹೊಗೆಗೂಡಿಗೆ ಬೆಂಕಿ ಹತ್ತಿ ಬಿರುಕು ಬಿಟ್ಟಿತಲ್ಲ, ಆಗ ನಿನಗೆ ನಾಲ್ಕು ವರ್ಷ. ಅದನ್ನು ಮತ್ತೆ ಕಟ್ಟುವಾಗ ಅಪ್ಪ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಲಸದವರ ಮುಂದೆಲ್ಲ ಮೆರೆಸಿದರು. "ಇವನ ಬೂಟು ಒಳಗೆ ಹೋಗತ್ತೆ, ಮುಂದಿನ ಯಜಮಾನ ಯಾರು ಅಂತ ಮನೆಗೂ ಗೊತ್ತಾಗ್ಲಿ" ಎಂದು ನಿನ್ನ ಕೆಂಪು ಬೂಟನ್ನು ಬಿಚ್ಚಿ ಅಮ್ಮನ ಕೈಗೆ ಕೊಟ್ಟರು. ಅಮ್ಮ ನಮ್ಮನ್ನು ಸಾಕಿದ ನ್ಯಾನಿ ಪೆಲ್‌ಳನ್ನು ಕರೆದುಕೊಂಡು ಒಳಗೆ ಹೋದಳು. ನಾನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ, ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಬಟ್ಟೆಯ ಚಪ್ಪಲಿ. ಏಕೆಂದರೆ ಅದೇ ವಾರ ನನ್ನ ಎಡಗಾಲಿನ ಬೂಟು ಕಾಣೆಯಾಗಿತ್ತು. ಎತ್ತರದ ಅಟ್ಟೆಯದು, ಬೂಟು ಹೊಲಿಯುವ ಟೆಬ್ಬಟ್ ಅಳತೆ ತೆಗೆದು ಮಾಡಿಕೊಡುತ್ತಿದ್ದದ್ದು, ಹಾಗೆ ಕಳೆದುಹೋಗುವ ಸಾಮಾನಲ್ಲ. ಅಜಾಗ್ರತೆಯಿಂದ ಕಳೆದೆ ಎಂದು ಅಮ್ಮ ವಾರವಿಡೀ ನನಗೆ ಪುಡಿಂಗ್ ಕೊಡಲಿಲ್ಲ. ಹೊಸ ಬೂಟು ಬರುವ ತನಕ ಕೋಲು ಹಿಡಿದು ಕುಂಟುತ್ತಿದ್ದೆ. ನೀನು ನನ್ನ ಹಿಂದೆ ಹಿಂದೆ ಕುಂಟುವ ಆಟ ಆಡುತ್ತಿದ್ದೆ, ಪಾಪ, ನಾಲ್ಕು ವರ್ಷದ ಮಗು, ನಿನ್ನ ತಪ್ಪಲ್ಲ.

ನಿನಗೆ ಇಪ್ಪತ್ತೊಂದು ತುಂಬಿದ ಔತಣದಲ್ಲಿ ಅಪ್ಪ ಲೋಟ ಎತ್ತಿ ಏನು ಹೇಳಿದರು, ನೆನಪಿದೆಯಾ? "ಈ ಮನೆ ಇವನ ಕಾಲು ಹಿಡ್ಕೊಂಡಿದೆ, ಇನ್ನು ಬಿಡಲ್ಲ!" ಎಲ್ಲರೂ ಮೇಜು ಕುಟ್ಟಿದರು. ಮನೆ ಅದೆಷ್ಟು ಗಟ್ಟಿಯಾಗಿ ಹಿಡಿದುಕೊಂಡಿತ್ತೋ, ನೀನು ಹಡಗು ಹತ್ತಿ ಆಫ್ರಿಕಾಕ್ಕೆ ಹೋದೆ. ಬಿಡದೆ ಹಿಡಿದುಕೊಂಡದ್ದು ನನ್ನನ್ನು. ಈ ಸೋಮವಾರದವರೆಗೆ ಅದು ಯಾಕೆಂದು ನನಗೆ ತಿಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಕೆಡವುವವರ ಮೇಸ್ತ್ರಿ ಕೋಲ್ಸ್ ಟೋಪಿ ಕೈಯಲ್ಲಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದ. ಈ ಮನುಷ್ಯ ಟೋಪಿ ತೆಗೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಿಂದಿನ ವಾರವಷ್ಟೇ ಇವನೂ ಇವನ ಕಡೆಯವರೂ ಸೂರಿನ ಗಾರೆಯ ದೇವದೂತರ ತಲೆಗಳನ್ನು ಚಂಡಿನಂತೆ ಒದ್ದು ಆಡುತ್ತಿದ್ದರು. "ಮಿಸ್ ಹೆಸ್ಟರ್, ಒಂದ್ ನಿಮಿಷ ಬರ್ತೀರಾ? ನಾವ್ಯಾರೂ ಮುಟ್ಟಿಲ್ಲ" ಎಂದ. ಹೋಗಿ ನೋಡಿದರೆ ಹಜಾರದಲ್ಲಿ ಸುತ್ತಿಗೆಯ ಸದ್ದೇ ಇಲ್ಲ. ಎಲ್ಲರೂ ಅಂಗಳದಲ್ಲಿ ಚಹಾದ ಡಬ್ಬಿ ಹಿಡಿದುಕೊಂಡು ಕೂತಿದ್ದಾರೆ. ಹೊಗೆಗೂಡಿನ ಎದೆಯಲ್ಲಿ ಒಂದು ಗೂಡು ತೆರೆದುಕೊಂಡಿತ್ತು, ಅದರೊಳಗೆ ಮಸಿ ಮೆತ್ತಿದ ಒಂದು ಬೂಟು. ನಿನ್ನದು ಕೆಂಪಗೆ, ಅಂಗೈಯಷ್ಟುದ್ದದ್ದು. ಇದು ಕಪ್ಪಗೆ, ಗುಂಡಿ ಹಾಕುವಂಥದ್ದು, ನಾಲ್ಕು ಬೆರಳು ದಪ್ಪದ ಅಟ್ಟೆ. ರೋಲಿ, ಈ ಸೀಮೆಯಲ್ಲಿ ಅಂಥ ಅಟ್ಟೆಯ ಬೂಟು ತೊಡುತ್ತಿದ್ದ ಒಂಬತ್ತು ವರ್ಷದ ಹುಡುಗಿ ಒಬ್ಬಳೇ ಇದ್ದಳು.

ನಾನು ಕೈ ಹಾಕಿ ತೆಗೆದುಕೊಂಡೆ. ಕೋಲ್ಸ್ ಹಿಂದಕ್ಕೆ ಸರಿದ. "ವಾಪಸ್ ಇಟ್ಬಿಡಿ ಮಿಸ್, ಆಚೆ ತೆಗೀಬಾರ್ದು ಅದನ್ನ" ಎಂದ. ಎಲ್ಲಿಗೆ ಇಡಲಯ್ಯಾ, ಶುಕ್ರವಾರಕ್ಕೆ ಗೋಡೆಯೇ ಇರುವುದಿಲ್ಲವಲ್ಲ ಎಂದೆ. "ಅದು ನಂಗೊತ್ತಿಲ್ಲ ಮಿಸ್. ನನ್ ಹೆಂಡ್ತಿಗೆ ಈಗ ತುಂಬು ತಿಂಗಳು. ಇದಕ್ಕೊಂದು ಗತಿ ಕಾಣಿಸೋವರೆಗೂ ನನ್ ಹುಡುಗ್ರು ಸುತ್ತಿಗೆ ಎತ್ತಲ್ಲ." ನೋಡು, ನಾನೂರು ವರ್ಷದ ಮನೆಯನ್ನು ಪುಡಿ ಮಾಡಲು ಹಿಂಜರಿಯದವರು ಒಂದು ಬೂಟಿಗೆ ಹೆದರಿ ಮಧ್ಯಾಹ್ನದವರೆಗೆ ಬ್ರೆಡ್ಡು ತಿನ್ನುತ್ತಾ ಕೂತರು. ಕೊನೆಗೆ ನಾನು ಅದನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಗೇಟು ದಾಟಿದ ಮೇಲೆಯೇ ಹಿಂದಿನಿಂದ ಮೊದಲ ಏಟು ಕೇಳಿಸಿದ್ದು.

ಆ ಮಧ್ಯಾಹ್ನ ನನಗೆ ಹೇಗಾಗಿತ್ತು ಎಂದು ಹೇಳಿಬಿಡುತ್ತೇನೆ, ನಗುವುದಾದರೆ ನಗು. ಸಂತೋಷವಾಗಿತ್ತು ಕಣೋ. ಹುಚ್ಚು ಸಂತೋಷ. ಅಮ್ಮ ನಮ್ಮಿಬ್ಬರಲ್ಲಿ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚಿದಳು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಕೊನೆಯ ಆರು ವರ್ಷ ಅವಳನ್ನು ಎತ್ತಿ ಇಳಿಸಿದವಳು ನಾನು. ಅವಳು ಕೇಳುತ್ತಿದ್ದದ್ದು ಒಂದೇ: "ರೋಲಿ ಕಾಗದ ಬಂತಾ?" ನಾನು ಮದುವೆಯಾಗಲು ಒಪ್ಪಿದ್ದ ಆ ಪಾದ್ರಿ ಲೈಲ್‌ನನ್ನು "ನೀನು ಹೋದ್ರೆ ನನ್ನ ಯಾರು ನೋಡ್ಕೋತಾರೆ?" ಎಂದು ಅತ್ತು ಅತ್ತು ವಾಪಸು ಕಳಿಸಿದವಳೂ ಅವಳೇ. ಅವನು ಡರಂ ಕಡೆ ಹೋಗಿ ಬೇರೆಯವಳನ್ನು ಕಟ್ಟಿಕೊಂಡ. ಈಗ ಈ ಬೂಟು! ಅಪ್ಪ ಹೆಗಲ ಮೇಲೆ ಮಗನನ್ನು ಮೆರೆಸುತ್ತಿದ್ದಾಗ ಅಮ್ಮ ಒಳಗೆ ಹೋಗಿ ಸದ್ದಿಲ್ಲದೆ ನನ್ನ ಬೂಟು ಇಟ್ಟಳಲ್ಲ, ಕಾಗದದಲ್ಲಿ ಕೊಡಲಾಗದ ಮನೆಯನ್ನು ಗೋಡೆಯಲ್ಲಿ ಕೊಟ್ಟಳಲ್ಲ ಎಂದುಕೊಂಡೆ. ನಾನು ಕಳೆದೆನೆಂದು ಪುಡಿಂಗ್ ಕೊಡದಿದ್ದದ್ದು ಅಪ್ಪನಿಗೆ ಅನುಮಾನ ಬಾರದಿರಲೆಂದು ಮಾಡಿದ ನಾಟಕ ಎಂದುಕೊಂಡೆ. ಲಿಂಡನ್ ಮರಗಳ ಸಾಲಿನಲ್ಲಿ ನಡೆಯುತ್ತಾ ಅಮ್ಮನಿಗೆ ಎಲ್ಲವನ್ನೂ ಕ್ಷಮಿಸಿಬಿಟ್ಟೆ. ಲೈಲ್‌ನನ್ನೂ ಸೇರಿಸಿ.

ಸೀದಾ ಹೋದದ್ದು ನ್ಯಾನಿ ಪೆಲ್ ಹತ್ತಿರ. ಅವಳೀಗ ಚರ್ಚಿನ ಪಕ್ಕದಲ್ಲಿ ವೃದ್ಧರಿಗೆಂದಿರುವ ಧರ್ಮದ ಮನೆಯಲ್ಲಿದ್ದಾಳೆ, ಕಿವಿ ಮಂದ, ನಾಲಿಗೆ ಮಾತ್ರ ಚುರುಕು. ನಾನು ಬೂಟನ್ನು ಅವಳ ಮಡಿಲಲ್ಲಿಟ್ಟು, ಅಮ್ಮ ನನಗೆ ಯಾವತ್ತೂ ಹೇಳಲೇ ಇಲ್ಲವಲ್ಲ ನ್ಯಾನಿ ಎಂದು ಅತ್ತುಬಿಟ್ಟೆ. ನಲವತ್ತನಾಲ್ಕು ವರ್ಷದ ಹೆಂಗಸು! ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಅಯ್ಯೋ ಪೆದ್ದಿ, ಕೂತ್ಕೋ" ಎಂದಳು. "ಬೂಟು ಅದೃಷ್ಟಕ್ಕೆ ಇಡ್ತಾರೆ ಅಂದ್ಕೊಂಡಿದ್ದೀಯಾ? ಅದೆಲ್ಲ ನಿಮ್ಮಪ್ಪನ ಕತೆ, ಗಂಡಸ್ರಿಗೇನು ಗೊತ್ತು. ಬಾಗ್ಲು ಮುಚ್ಚಬೋದು, ಕಿಟಕಿ ಮುಚ್ಚಬೋದು, ಹೊಗೆಗೂಡು ಮುಚ್ಚಕ್ಕಾಗತ್ತಾ? ಅಲ್ಲಿಂದ ಇಳಿಯೋ ಕೆಟ್ಟದ್ದು ಮಗೂನ ಹುಡ್ಕೊಂಡು ಬರತ್ತೆ. ಬೂಟು ಕಂಡ್ರೆ ಮಗೂನೇ ಸಿಕ್ತು ಅಂತ ಒಳಗೆ ನುಗ್ಗತ್ತೆ, ಆಮೇಲೆ ಹಿಂದಕ್ಕೆ ತಿರುಗಕ್ಕೆ ಬರಲ್ಲ ಅದಕ್ಕೆ. ಆದ್ರೆ ಯಾರ ಬೂಟೋ ಅವರ ಮೇಲೆ ಅದರ ಕಣ್ಣು ಬಿದ್ದೇ ಬೀಳತ್ತೆ."

ನನಗೆ ಆಗಲೂ ಹೊಳೆಯಲಿಲ್ಲ ನೋಡು, ಅಷ್ಟು ಪೆದ್ದಿ ನಾನು. ಅವಳೇ ಬಿಡಿಸಿ ಹೇಳಬೇಕಾಯಿತು. "ಒಬ್ಬನೇ ಗಂಡುಮಗ, ಅವಂದು ಹೇಗೆ ಇಡ್ಲಿ ನ್ಯಾನಿ ಅಂತ ನಿಮ್ಮಮ್ಮ ನಡುಗ್ತಿದ್ರು. ಹುಡುಗೀದು ಇಡೋಣ, ಅವಳ ಕಾಲು ಹೇಗೂ ಕೆಟ್ಟಿದೆ, ಇನ್ನೇನು ಹೋಗತ್ತೆ ಅಂದ್ರು. ಇಟ್ಟಿದ್ದು ಈ ಕೈಯೇ ಮಗಾ. ಸಿಟ್ಟು ಬಂತಾ? ನಂಗೂ ಬಂದಿತ್ತು. ಸಂಬಳಕ್ಕಿರೋಳು ಬಾಯಿ ಬಿಡಕ್ಕಾಗತ್ತಾ?" ಆಮೇಲೆ ಎದ್ದು ಹೋಗಿ ಹಾಸಿಗೆಯ ಕೆಳಗಿನ ತಗಡಿನ ಡಬ್ಬಿಯಿಂದ ನಿನ್ನ ಕೆಂಪು ಬೂಟನ್ನು ತೆಗೆದು ಕೊಟ್ಟಳು. ಅದನ್ನು ಸುಟ್ಟುಹಾಕು ಎಂದಿದ್ದಳಂತೆ ಅಮ್ಮ, ಅಪ್ಪನ ಕಣ್ಣಿಗೆ ಬೀಳದಿರಲೆಂದು. ನಿನ್ನ ಮೇಲಿನ ಮುದ್ದಿಗೆ ನ್ಯಾನಿ ಇಟ್ಟುಕೊಂಡಿದ್ದಳು. ನಿನ್ನನ್ನು ಯಾರು ತಾನೇ ಮುದ್ದು ಮಾಡಲಿಲ್ಲ ಹೇಳು. ಅವಳು ಕೊಟ್ಟ ಚಹಾ ನಾನು ಮುಟ್ಟಲಿಲ್ಲ. ಬರುವಾಗ ದಾರಿಯುದ್ದಕ್ಕೂ ಕ್ಷಮಿಸಿದ್ದನ್ನೆಲ್ಲ ಒಂದೊಂದಾಗಿ ವಾಪಸು ತೆಗೆದುಕೊಂಡೆ.

ನಾನು ಭೂತ ಪ್ರೇತ ನಂಬುವವಳಲ್ಲ, ನಿನಗೆ ಗೊತ್ತು. ನನ್ನ ಬದುಕು ಹೀಗಾದದ್ದಕ್ಕೆ ಹೊಗೆಗೂಡಿನಿಂದ ಯಾವುದೂ ಇಳಿದು ಬರಬೇಕಾಗಿರಲಿಲ್ಲ, ಮನೆಯೊಳಗಿದ್ದವರೇ ಸಾಕಾಗಿದ್ದರು. ಆದರೆ ಅಮ್ಮ ನಂಬಿದ್ದಳು, ರೋಲಿ. ಅದೇ ನನಗೆ ನುಂಗಲಾಗದ ಮಾತು. ಕೆಟ್ಟದ್ದೊಂದು ನಿಜವಾಗಿಯೂ ಬರುತ್ತದೆ, ಬೂಟಿನ ಮಗುವನ್ನು ನಿಜವಾಗಿಯೂ ನೋಡುತ್ತದೆ ಎಂದು ಪೂರಾ ನಂಬಿ, ಇಬ್ಬರು ಮಕ್ಕಳನ್ನು ಎದುರಿಗೆ ನಿಲ್ಲಿಸಿಕೊಂಡು, ಯಾವುದನ್ನು ಕೊಟ್ಟರೆ ನಷ್ಟ ಕಡಿಮೆ ಎಂದು ಯೋಚಿಸಿ ನನ್ನನ್ನು ಕೊಟ್ಟಳು. ಕೊಟ್ಟು, ಬೂಟು ಕಳೆದೆನೆಂದು ನನ್ನನ್ನೇ ಶಿಕ್ಷಿಸಿದಳು. ಆ ರಾತ್ರಿ ಎಂದಿನಂತೆ ಬಂದು ಹಣೆಗೆ ಮುತ್ತಿಟ್ಟು ದೀಪ ಆರಿಸಿ ಹೋದಳೋ ಏನೋ. ಹೋಗಿರುತ್ತಾಳೆ. ಅವಳು ಕೆಟ್ಟವಳೇನಲ್ಲ, ಅದೇ ಸಂಕಟ. ಈ ಮನೆಯಲ್ಲಿ ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು. ಉಣ್ಣೆಯ ಮನೆಗೆ ಬಿಳಿ ಮುಖ ಹೊದಿಸಿದವರು, ಬೂಟಿನ ಅಜ್ಜಿಯನ್ನು ಕತ್ತಲಿಗೆ ತೂಗುಹಾಕಿದವರು, ಇಲ್ಲದ ಕೋಣೆಗೆ ಕಿಟಕಿ ಬರೆಸಿದವರು ಕಟ್ಟಿದ ಮನೆಯಲ್ಲವೇ ಇದು! ಒಬ್ಬ ಗಂಡಿನ ಹೆಸರು ಉಳಿಯಲೆಂದು ಉಳಿದವರೆಲ್ಲ ಗೋಡೆಯೊಳಗೆ ಹೋಗಬೇಕು. ಸೋಮವಾರದವರೆಗೆ ಒಂದೊಂದು ಕಲ್ಲು ಬಿದ್ದಾಗಲೂ ನನ್ನ ಕರುಳು ಕಿತ್ತುಬರುತ್ತಿತ್ತು. ಮಂಗಳವಾರ ಮುಖ್ಯ ತೊಲೆ ಬಿದ್ದಾಗ ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿದೆ. ಕೋಲ್ಸ್ ಒಂದು ಲೋಟ ಚಹಾ ತಂದುಕೊಟ್ಟ. ಚೆನ್ನಾಗಿತ್ತು.

ನಿನ್ನ ಚೌಕಟ್ಟು ಪೆಟ್ಟಿಗೆ ಸೇರಿದೆ, ನೀನು ಹೇಳಿದ ಹಾಗೆಯೇ ಹುಲ್ಲು ಸುತ್ತಿಸಿದ್ದೇನೆ, ಲಾಂಛನದ ಸಿಂಹಕ್ಕೆ ಒಂದು ಕಿವಿ ಮುಕ್ಕಾಗಿದೆ, ಅದು ಮೊದಲಿನಿಂದಲೂ ಮುಕ್ಕೇ. ಮುಂದಿನ ವಾರ ಟಿಲ್ಬರಿಯಿಂದ ಹಡಗು. ಅಲ್ಲಿ ನೀನು ಬಂಡಾಯದವರಿಗೆ ಹೆದರಿ ಊಟದ ಮೇಜಿನ ಮೇಲೆ ಚಮಚದ ಪಕ್ಕ ಪಿಸ್ತೂಲು ಇಟ್ಟುಕೊಂಡು ಉಣ್ಣುತ್ತೀಯ ಎಂದು ಬರೆದಿದ್ದೀಯ. ಬಾಗಿಲಿನಿಂದ ಬರುವವರಿಗೆ ಪಿಸ್ತೂಲು, ಹೊಗೆಗೂಡಿನಿಂದ ಬರುವುದಕ್ಕೆ ಬೂಟು! ಬಾಗಿಲಿನಿಂದ ಬರುವವರು ತಮ್ಮ ನೆಲವನ್ನು ಕೇಳುತ್ತಿದ್ದಾರೆ ಎಂದು ಇಲ್ಲಿನ ಪತ್ರಿಕೆಯೇ ಬರೆಯುತ್ತದೆ. ಅದನ್ನು ನೀನೇ ಯೋಚಿಸು, ನನಗೆ ಅಷ್ಟು ದೂರದ್ದು ತಿಳಿಯುವುದಿಲ್ಲ. ಆದರೆ ಇನ್ನೊಬ್ಬರ ಪಾಲಿನ ಮೇಲೆ ಕಟ್ಟಿದ ಮನೆ ಹೇಗೆ ಬೀಳುತ್ತದೆ ಎಂಬುದನ್ನು ಈ ತಿಂಗಳೆಲ್ಲ ಹತ್ತಿರದಿಂದ ನೋಡಿದ್ದೇನೆ.

ಶನಿವಾರ ನಾನು ಇಲ್ಲಿಂದ ಹೊರಡುತ್ತೇನೆ. ನಾರ್ಥಾಂಪ್ಟನ್ನಿನಲ್ಲಿ ಟೆಬ್ಬಟ್‌ನ ಬೂಟಿನ ಅಂಗಡಿಯ ಮೇಲೆ ಎರಡು ಕೋಣೆ ಖಾಲಿ ಇವೆ. ನನ್ನ ಬೂಟು ಹೊಲಿದ ಮುದುಕ ಹೋಗಿ ಈಗ ಅವನ ಮಗ ಇದ್ದಾನೆ. ಅಂಗಡಿಯ ಪತ್ರವ್ಯವಹಾರ ನೋಡಿಕೊಂಡರೆ ಸಾಕು ಎಂದಿದ್ದಾನೆ. ಬೂಟಿನ ಅಜ್ಜಿ ಎಲ್ಲಿಂದ ಬಂದಳೋ ಅಲ್ಲಿಗೇ ನಾನು ವಾಪಸು, ಅವಳ ಚಿತ್ರವನ್ನೂ ಜೊತೆಗೆ ಒಯ್ಯುತ್ತಿದ್ದೇನೆ, ಹರಾಜಿನಲ್ಲಿ ಯಾರೂ ಕೇಳಲಿಲ್ಲ. ನನ್ನ ಎಡಗಾಲಿನ ಬೂಟನ್ನು ಟೆಬ್ಬಟ್ ಮಸಿ ತೆಗೆದು, ಎಣ್ಣೆ ಹಚ್ಚಿ, ತನ್ನ ಅಪ್ಪನ ಕೈಕೆಲಸ ಎಂದು ಅಂಗಡಿಯ ಕಿಟಕಿಯಲ್ಲಿ ಇಟ್ಟಿದ್ದಾನೆ. ಬೀದಿಗೆ ಕಾಣುವ ಹಾಗೆ, ಹಗಲು ಬೆಳಕಿನಲ್ಲಿ. ಕೋಲ್ಸ್ ಒಪ್ಪುವುದಿಲ್ಲ, ಆದರೆ ಅವನ ಹೆಂಡತಿಗೆ ನಿನ್ನೆ ಸುಖವಾಗಿ ಹೆರಿಗೆಯಾಯಿತಂತೆ, ಹೆಣ್ಣುಮಗು.

ಡ್ಯಾಫ್ನಿಗೆ ನನ್ನ ನೆನಪು ತಿಳಿಸು. ಸಂಜೆ ತಣ್ಣಗಾದ ಮೇಲೆ ವೆರಾಂಡದಲ್ಲಿ ಬರಿಮೈಯಲ್ಲಿ ಕೂರಬೇಡ, ಜ್ವರ ಮರುಕಳಿಸುತ್ತದೆ. ದೇವರು ನಿಮ್ಮ ಮನೆಯನ್ನು ಕಾಯಲಿ, ಕಾಯುವಾಗ ಗಂಡು ಯಾವುದು ಹೆಣ್ಣು ಯಾವುದು ಎಂದು ನೋಡದೆ ಕಾಯಲಿ.

ನಿನ್ನ ಅಕ್ಕ,
ಹೆಸ್ಟರ್

ಮತ್ತೆ: ಟಪಾಲಿನವನು ಗೇಟಿನಲ್ಲಿ ಸೈಕಲ್ ಗಂಟೆ ಬಾರಿಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಾನು ಬರುವುದಿಲ್ಲ. ಡ್ಯಾಫ್ನಿ ಅಂಚಿನಲ್ಲಿ ಗೀಚಿದ್ದು ಇದು: "ರೋಲಂಡನ ಬೂಟು ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಪ್ರೂದು ಹಳೆಯದೊಂದು ಇದೆ, ಅದನ್ನೇ ಇಡುತ್ತೇವೆ." ಮೊದಲ ಸಲ ಓದಿದಾಗ ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಹ್ಯೂನದು ಯಾಕಲ್ಲ ಎಂದು ನೀವಿಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಂಡಿರಾ? ನಿನ್ನ ಕೆಂಪು ಬೂಟು ಪೆಟ್ಟಿಗೆಯಲ್ಲಿದೆ, ಸಿಂಹದ ಹಿಂದೆ ಹುಲ್ಲಿನೊಳಗೆ. ಅದನ್ನು ನಿನ್ನ ಕೈಯಾರೆ ನೀನೇ ಇಡು, ಮನೆಯ ಯಜಮಾನ ನೀನು, ಬರುವುದು ಏನಿದ್ದರೂ ನಿನ್ನನ್ನೇ ನೋಡಲಿ. ಆ ಹುಡುಗಿಯ ಬೂಟಿಗೆ ಕೈ ಹಾಕಬೇಡ. ಹಾಕುವುದಾದರೆ ಹುಡುಗಿಯನ್ನೇ ನನ್ನ ಹತ್ತಿರ ಕಳಿಸಿಬಿಡು, ಎರಡು ಬೂಟನ್ನೂ ಹಾಕಿಸಿ ಕಳಿಸು. ಟೆಬ್ಬಟ್‌ನ ಕೋಣೆಯಲ್ಲಿ ಹೊಗೆಗೂಡನ್ನು ಎಂದೋ ಇಟ್ಟಿಗೆಯಿಂದ ಮುಚ್ಚಿದ್ದಾರೆ, ಅಲ್ಲಿರುವುದು ಗ್ಯಾಸಿನ ಒಲೆ.